ಕರಿಯಾಕ ಬಂದೀನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾದನಾಯಕನಹಳ್ಳಿಯ ಗೋದಾಮುಗಳ ಹಿಂದಿರುವ ತಗಡಿನ ಶೆಡ್ಡುಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎದ್ದಿದೆ. ಒಂದು ಶೆಡ್ಡಿನಲ್ಲಿ ನಿಂತರೆ ಪಕ್ಕದ್ದರಲ್ಲಿ ಶುರುವಾಗುತ್ತದೆ. ನಲ್ಲಿಯ ಮುಂದೆ ಪ್ಲಾಸ್ಟಿಕ್ ಕೊಡಗಳು ಸಾಲುಗಟ್ಟಿವೆ, ಅವುಗಳ ಒಡತಿಯರು ಒಳಗೆ ಒಲೆಯ ಮುಂದಿದ್ದಾರೆ. ಸಾಲಿನ ಕೊನೆಯ ಶೆಡ್ಡಿನ ಮುಂದೆ ಒಬ್ಬ ಹೆಂಗಸು ಬಂದು ನಿಲ್ಲುತ್ತಾರೆ. ಆ ಶೆಡ್ಡಿಗೆ ಬಾಗಿಲಿಲ್ಲ, ಹಳೆಯ ಫ್ಲೆಕ್ಸ್ ಬ್ಯಾನರೊಂದನ್ನು ಪರದೆ ಮಾಡಿದ್ದಾರೆ. ಅದರ ಮೇಲೆ ಯಾವುದೋ ಅಪಾರ್ಟ್‌ಮೆಂಟಿನ ಈಜುಕೊಳ ಇನ್ನೂ ನೀಲಿಯಾಗಿಯೇ ಇದೆ. ಬಂದವರು ಈಜುಕೊಳವನ್ನು ಸರಿಸುವುದಿಲ್ಲ, ಹೊರಗೇ ನಿಂತು ಕೂಗುತ್ತಾರೆ.

“ಶರಣಮ್ಮಾ, ಕರಿಯಾಕ ಬಂದೀನಿ.”

“ಬರ್ರಿ ಯಕ್ಕಾ ಒಳಗ. ರೊಟ್ಟಿ ಮುಗಿದಿಲ್ಲ ಇನ್ನಾ. ಇವರೂ ಎದ್ದಿಲ್ಲ.”

ಚನ್ನಕ್ಕ ಒಳಗೆ ಹೋಗಿ, ಯಾರೂ ಕೇಳದಿದ್ದರೂ ಹಿಟ್ಟಿನ ಮುಂದೆ ಕೂತು ಒಂದು ರೊಟ್ಟಿ ಬಡಿಯತೊಡಗುತ್ತಾರೆ. ಮೂಲೆಯಲ್ಲಿ ಶರಣಮ್ಮನ ಗಂಡ ಇರಣ್ಣ ತಲೆತುಂಬ ಚಾದರ ಹೊದ್ದು ಮಲಗಿದ್ದಾನೆ. ಕಟ್ಟಡಗಳಲ್ಲಿ ಕಂಬಿ ಕಟ್ಟುವ ಆಳು. ಹೋದ ಸಲ ಚನ್ನಕ್ಕ ಬಂದಾಗಲೂ ಅವನಿಗೆ ಹೀಗೆಯೇ ಗಾಢ ನಿದ್ದೆ ಹತ್ತಿತ್ತಂತೆ.

“ಇರಣ್ಣಾ, ನಿದ್ದಿ ಹತ್ತಿದ ಮನಶಾ ಕಾಲ ಬೆರಳ ಅಲ್ಲಾಡಸಾಂಗಿಲ್ಲೋ ತಮ್ಮಾ.”

ಚಾದರದೊಳಗಿಂದ ನಗು ಬರುತ್ತದೆ. ನಕ್ಕ ಮೇಲೆ ಮಲಗಿರುವುದು ಹೇಗೆ? ಎದ್ದು ಕೂರುತ್ತಾನೆ. ತನಗೆ ಸೂಜಿಯೆಂದರೆ ಭಯ ಎಂದು ಒಪ್ಪಿಕೊಳ್ಳುತ್ತಾನೆ. ಅಷ್ಟೆತ್ತರದ ಅಂತಸ್ತಿನ ಅಂಚಿನಲ್ಲಿ ನಿಂತು ತಂತಿ ತಿರುವುವ ಮನುಷ್ಯನಿಗೆ ಸೂಜಿಯ ಭಯ! ಚನ್ನಕ್ಕ ನಗುವುದಿಲ್ಲ. “ನನಗೂ ಅಂಜಿಕಿ ಇತ್ತಪಾ, ನಿನ್ನ ಕೈ ನಾ ಹಿಡ್ಕೊಂಡು ಕೂಡ್ತೀನಿ” ಎನ್ನುತ್ತಾರೆ. ರೊಟ್ಟಿ ಮುಗಿದ ಮೇಲೆ ಮೂವರೂ ಹೊರಡುತ್ತಾರೆ. ಗಂಡ ಹೆಂಡತಿ ಇಬ್ಬರ ಹೆಸರನ್ನೂ ನಾನು ಬದಲಿಸಿದ್ದೇನೆ.

ಚನ್ನಕ್ಕ ಕರೆಯಲು ಬಂದದ್ದು ಮದುವೆಗಲ್ಲ, ಸೀಮಂತಕ್ಕಲ್ಲ. ಎಚ್‌ಐವಿ ರಕ್ತ ತಪಾಸಣೆಗೆ. ಪೀಣ್ಯದಿಂದ ಮಾದನಾಯಕನಹಳ್ಳಿಯವರೆಗೆ ಕಾರ್ಖಾನೆ, ಗೋದಾಮು, ಮೆಟ್ರೊ ಕಂಬ ಎಂದು ದುಡಿಯಲು ಬಂದಿರುವ ಉತ್ತರ ಕರ್ನಾಟಕದ ಜನರ ನಡುವೆ ಅವರು ಮಾಡುವ ಕೆಲಸ ಇದು. ಸ್ವತಃ ಸೋಂಕಿನೊಂದಿಗೆ ಬದುಕುತ್ತಿರುವವರೇ ಕಟ್ಟಿಕೊಂಡ ಒಂದು ಸಂಘ ಅವರಿಗೆ ಈ ಜವಾಬ್ದಾರಿ ಕೊಟ್ಟಿದೆ. ಸಂಘದ ಸಭೆಗಳಲ್ಲಿ ಇದಕ್ಕೆ ಇಂಗ್ಲಿಷಿನ ಉದ್ದನೆಯ ಹೆಸರೊಂದಿದೆ. ಚನ್ನಕ್ಕನ ಬಾಯಲ್ಲಿ ಅದು ಬರೀ ‘ಕರಿಯೋದು’. ಮೊದಲ ಸಲ ಈ ಮಾತು ಕೇಳಿದಾಗ ಅವರ ಮನೆ ಮಾಲೀಕ ಹನುಮಂತಯ್ಯ, “ಏನ್ ಕರೀತೀಯಮ್ಮ, ಬೋಂಡಾನಾ?” ಎಂದಿದ್ದರಂತೆ.

ತಮಾಷೆ ಬಿಡಿ, ಆ ಪದದಲ್ಲಿಯೇ ಅವರ ಕೆಲಸದ ಗುಟ್ಟಿದೆ. ಅವರ ಸೀಮೆಯಲ್ಲಿ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದ ಮಗಳನ್ನು ತವರಿಗೆ ಕರೆತರಲು ಅಣ್ಣನೋ ತಮ್ಮನೋ ಖುದ್ದು ಹೋಗಬೇಕು. ಹೇಳಿ ಕಳಿಸಿದರೆ ಸಾಲದು, ಫೋನು ಮಾಡಿದರಂತೂ ಅವಮಾನ. ಬಾಗಿಲಿಗೆ ಬಂದು ‘ಕರಿಯಾಕ ಬಂದೀನಿ’ ಎನ್ನಬೇಕು, ಜೊತೆಯಲ್ಲಿ ಕರೆದುಕೊಂಡು ಹೋಗಬೇಕು, ಹಬ್ಬ ಮುಗಿದ ಮೇಲೆ ಬಿಟ್ಟು ಬರಬೇಕು.

“ಹೇಳಿದ್ರ ಯಾರೂ ಬರಾಂಗಿಲ್ರಿ ಅಕ್ಕಾರ. ಕರದ್ರ ಬರ್ತಾರ,” ಎನ್ನುತ್ತಾರೆ ಚನ್ನಕ್ಕ. “ಆಸ್ಪತ್ರಿಗೆ ಹೋಗು ಅಂತ ಹೇಳಿದ್ರ ಅಂವಗ ಹೆಂಗಾಗ್ತದ? ನನ್ನ ಮ್ಯಾಲ ಸಂಶೆ ಮಾಡ್ಯಾರ ಅಂತ ಸಿಟ್ಟಾಗ್ತಾನ. ಮನಿ ಬಾಗಲಕ್ಕ ಹೋಗಿ ಕರದ್ರ, ನಮ್ಮ ಮಂದಿ ಬಂದಾರ ಅಂತ ಎದ್ದ ಬರ್ತಾನ. ಕರಕೊಂಡು ಹೋದಾವರು ತಿರಗಿ ಮನಿ ಮುಟ್ಟಸಬೇಕು. ಅರ್ಧ ದಾರಿಗೆ ಬಿಟ್ಟು ಬರಬಾರದು.”

ಅಂದು ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇದೆಲ್ಲವನ್ನೂ ನೋಡಿದೆ. ಕೆಂಪು ರಿಬ್ಬನ್ ಚಿತ್ರದ ಬೋರ್ಡಿರುವ ಕೋಣೆಗೆ ಚನ್ನಕ್ಕ ಯಾರನ್ನೂ ನೇರವಾಗಿ ಕರೆದೊಯ್ಯುವುದಿಲ್ಲ. ಮೊದಲು ಬಿಪಿ, ಶುಗರು ನೋಡುವ ಸಾಲು. ಅಲ್ಲಿಂದ ಮಾತಾಡುತ್ತ ಮಾತಾಡುತ್ತ ಪಕ್ಕದ ಬಾಗಿಲು. ಇರಣ್ಣ ಸೂಜಿಯ ಕಡೆ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ, ಕೈ ಚನ್ನಕ್ಕನ ಕೈಯಲ್ಲಿದೆ. ಫಲಿತಾಂಶ ಹೇಳುವ ಹೊತ್ತಿಗೆ ಚನ್ನಕ್ಕ ಎದ್ದು ಹೊರಗಿನ ಬೆಂಚಿಗೆ ಬಂದುಬಿಡುತ್ತಾರೆ. ಒಳಗೆ ಏನು ಹೇಳಿದರು ಎಂದು ಯಾರನ್ನೂ ಕೇಳುವುದಿಲ್ಲ. ಹೇಳಿದರೆ ಕೇಳಿಸಿಕೊಳ್ಳುತ್ತಾರೆ, ಹೇಳದಿದ್ದರೆ ಚಹಾ ಕುಡಿಸಿ ಮನೆ ಮುಟ್ಟಿಸುತ್ತಾರೆ.

ಆ ಕೋಣೆಯಲ್ಲಿ ಕೂತು ಜನರಿಗೆ ತಿಳಿಹೇಳುವ ಆಪ್ತಸಮಾಲೋಚಕಿ ನಿವೇದಿತಾ ದಾವಣಗೆರೆ ಕಡೆಯವರು, ಈಗ ನಗರದ ಅಪಾರ್ಟ್‌ಮೆಂಟೊಂದರಲ್ಲಿ ಅಪ್ಪ ಅಮ್ಮನ ಜೊತೆ ಇದ್ದಾರೆ. “ಮೊದಲು ನಾವು ಆಟೋಗೆ ಮೈಕ್ ಕಟ್ಕೊಂಡು ಹೋಗ್ತಿದ್ವಿ ಮೇಡಂ. ಮೈಕ್ ಸೌಂಡ್ ಕೇಳಿದ್ರೆ ಸಾಕು, ಶೆಡ್‌ಗಳೆಲ್ಲ ಖಾಲಿ! ಚನ್ನಕ್ಕ ಬಂದ್ಮೇಲೆ ಮೈಕ್ ಮೂಲೆ ಸೇರ್ತು,” ಎಂದು ನಗುತ್ತಾರೆ. “ನಂದೊಂದೇ ಕಂಪ್ಲೇಂಟು. ಊರಿಗೆಲ್ಲ ಟೈಮಿಗೆ ಸರಿಯಾಗಿ ಊಟ ಮಾಡಿ ಅಂತ ಹೇಳ್ತಾರೆ, ತಾವು ಮಾತ್ರ ಮಾಡಲ್ಲ. ಬೈದು ಬೈದು ನನಗೇ ಸಾಕಾಗಿದೆ.”

ಇಂಥ ಲೇಖನಗಳಲ್ಲಿ ಹೆಸರು ಬದಲಿಸುವುದು ಪತ್ರಿಕೆಯ ನಿಯಮ. ಫೋಟೋ ತೆಗೆಯುವುದೂ ಬೆನ್ನ ಹಿಂದಿನಿಂದ, ಜಡೆ ಮತ್ತು ಸೆರಗು ಮಾತ್ರ ಕಾಣುವಂತೆ. ಚನ್ನಕ್ಕನಿಗೆ ಇದನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು.

“ನನ್ನ ಹೆಸರ ಹಾಕ್ರಿ. ಮಾರಿನೂ ಹಾಕ್ರಿ. ನಾ ಏನ ಕಳವು ಮಾಡೀನೇನು ಬೆನ್ನ ತೋರಸಾಕ?” ಎಂದರು. ತಾವೇ ಮುಂದುವರಿಸಿದರು. “ಊರಿನ ಹೆಸರ ಮಾತ್ರ ಬ್ಯಾಡ. ನಮ್ಮಣ್ಣನ ಹೆಸರೂ ಬ್ಯಾಡ. ಊರಾಗ ಲಗ್ನ ಆಗೋ ಹುಡುಗ್ಯಾರು ಅದಾರ. ಇಂಥಾ ಊರಾಕಿ ಅಂತ ಪೇಪರಿನ್ಯಾಗ ಬಂದ್ರ ಅವರನ್ನ ನೋಡಾಕ ಯಾರೂ ಬರಾಂಗಿಲ್ಲ.”

ಆದ್ದರಿಂದ ಇಷ್ಟು ಮಾತ್ರ ಹೇಳಬಲ್ಲೆ. ಕೊಪ್ಪಳ ಜಿಲ್ಲೆಯಲ್ಲಿ ಒಂದು ಹಳ್ಳಿ. ಟಾರು ರಸ್ತೆ ಅರ್ಧಕ್ಕೇ ನಿಲ್ಲುತ್ತದೆ, ಹಳ್ಳಕ್ಕೆ ನೀರು ಬಂದರೆ ಬಸ್ಸೂ ನಿಲ್ಲುತ್ತದೆ. ಊರಿನ ಗಂಡಸರಲ್ಲಿ ಅರ್ಧಕ್ಕರ್ಧ ಜನ ವರ್ಷದ ಹೆಚ್ಚು ಕಾಲ ಬೆಂಗಳೂರಿನ ಶೆಡ್ಡುಗಳಲ್ಲಿರುತ್ತಾರೆ. ಅಲ್ಲಿಯ ಹುಡುಗಿ ಚನ್ನಕ್ಕ ಪಕ್ಕದ ಊರಿನ ಯಮನೂರನನ್ನು ಮದುವೆಯಾಗಿ, ಅವನ ಹಿಂದೆಯೇ ವರ್ತೂರಿಗೆ ಬಂದರು. ಕೆರೆಯ ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ. ಅವನು ಕಾಂಕ್ರೀಟಿಗೆ, ಇವರು ಇಟ್ಟಿಗೆ ಹೊರಲು. ಅಲ್ಲಿ ಕೆಲಸ ಮುಗಿದ ಮೇಲೆ ಪೀಣ್ಯ. ಒಳ್ಳೆಯ ಮನುಷ್ಯ, ಬಹಳ ನಗಿಸುತ್ತಿದ್ದ, ಸಂತೆಗೆ ಹೋದರೆ ಬಳೆ ತರದೆ ಬರುತ್ತಿರಲಿಲ್ಲ ಎಂದು ಚನ್ನಕ್ಕ ನೆನೆಯುತ್ತಾರೆ. ಅವನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. “ಇತ್ರಿ. ಭಾಳ ಇತ್ತು. ಅವ ಸತ್ತ ಮ್ಯಾಲ ಯಾರ ಮ್ಯಾಲ ಮಾಡ್ಲಿ?” ಎಂದರು.

ಯಮನೂರನಿಗೆ ಜ್ವರ, ಭೇದಿ ಬಿಡದೆ ಕಾಡತೊಡಗಿದಾಗ ಯಾರೋ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ರಸ್ತೆ ಬದಿಯ ಒಂದು ಖಾಸಗಿ ಲ್ಯಾಬು. ಕೌಂಟರಿನಲ್ಲಿದ್ದವನು ಕಾಗದ ಕೈಗಿಟ್ಟು, “ಪಾಸಿಟಿವ್ ಬಂದಿದೆ, ಡಾಕ್ಟರಿಗೆ ತೋರಿಸಿ” ಎಂದು ಮುಂದಿನವರನ್ನು ಕರೆದ. ಯಮನೂರ ಕೇಳಿಸಿಕೊಂಡದ್ದು ‘ಪಾಸ್’ ಎಂದು. ಏಳನೇ ಇಯತ್ತೆಯಲ್ಲಿ ನಪಾಸಾಗಿ ಶಾಲೆ ಬಿಟ್ಟ ಮನುಷ್ಯ. ಲ್ಯಾಬಿನಿಂದ ಹೊರಗೆ ಬಂದವನೇ ಬಿಸಿ ಜಿಲೇಬಿ ಕಟ್ಟಿಸಿಕೊಂಡು ಶೆಡ್ಡಿಗೆ ಬಂದು ಎಲ್ಲರಿಗೂ ಹಂಚಿದ.

“ಪಾಸಾದ್ನಿ ಅಂತ ಕುಣದ್ರಿ ಅವ. ನಾನೂ ತಿಂದ್ನಿ ಜಿಲೇಬಿ. ಪಾಸಾದಾಂವ ಮತ್ಯಾಕ ಡಾಕ್ಟರ್‌ಗೆ ತೋರಸ್ತಾನ? ಮುಂದ ವರ್ಷದ ತನಕ ತೋರಸಲಿಲ್ಲ.”

ಇದನ್ನು ಹೇಳುವಾಗ ಚನ್ನಕ್ಕ ಮೊದಲು ನಕ್ಕರು. ನಾನೂ ನಕ್ಕೆ. ಆಮೇಲೆ ಮಿಕ್ಕದ್ದನ್ನು ಹೇಳಿದರು. ಬೇರೊಂದು ಆಸ್ಪತ್ರೆಯಲ್ಲಿ ಆ ಪದದ ಅರ್ಥ ಗೊತ್ತಾಗುವ ಹೊತ್ತಿಗೆ ಯಮನೂರ ಕೋಲಿನಂತಾಗಿದ್ದ, ಹೆಚ್ಚು ದಿನ ಉಳಿಯಲಿಲ್ಲ. ಚನ್ನಕ್ಕನ ರಕ್ತದಲ್ಲೂ ಸೋಂಕಿತ್ತು. ಇವತ್ತಿಗೂ ಅವರು ಪಾಸಿಟಿವ್, ನೆಗೆಟಿವ್ ಎಂಬ ಪದಗಳನ್ನು ಬಾಯಿಗೆ ತರುವುದಿಲ್ಲ. ‘ಐತಿ’, ‘ಇಲ್ಲ’. ಎರಡೇ ಮಾತು, ಯಾರಿಗೂ ತಪ್ಪು ತಿಳಿಯುವುದಿಲ್ಲ. ನಿವೇದಿತಾ ಕೂಡ ಈಗ ಹಾಗೆಯೇ ಹೇಳುವುದನ್ನು ರೂಢಿ ಮಾಡಿಕೊಂಡಿದ್ದಾರೆ.

ಗಂಡ ಸತ್ತ ವರ್ಷ ಅಣ್ಣ ಬಂದು ಚನ್ನಕ್ಕನನ್ನು ತವರಿಗೆ ಕರೆದೊಯ್ದ. ಅಪ್ಪ ಅವ್ವ ಇಲ್ಲದ ಮನೆಯಲ್ಲಿ ಅವನೇ ಎಲ್ಲ. ಊಟದ ತಟ್ಟೆ, ನೀರಿನ ಚರಿಗೆ ಬೇರೆಯಾದವು. ಅಷ್ಟರಲ್ಲಿ ಪಂಚಮಿ ಬಂತು. ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಹೆಣ್ಣುಮಕ್ಕಳೆಲ್ಲ ಜೀಕುವುದನ್ನು ನೋಡುತ್ತ ನೋಡುತ್ತ ತಡೆಯಲಾಗದೆ ಚನ್ನಕ್ಕನೂ ಹೋಗಿ ಒಂದು ಸಲ ಕೂತರು. ಇಳಿದ ಮೇಲೆ ಯಾರೂ ಹತ್ತಲಿಲ್ಲ. ತಾಯಂದಿರು ಮಕ್ಕಳ ಕೈ ಹಿಡಿದುಕೊಂಡು ದೂರ ನಿಂತರು. ಸಂಜೆ ಅಣ್ಣ ಮರ ಹತ್ತಿ ಹಗ್ಗ ಬಿಚ್ಚಿದ, ಬೇರೆ ಹಗ್ಗ ಕಟ್ಟಿದ.

“ತಾಟು ಬ್ಯಾರೆ ಮಾಡಿದ್ದಕ್ಕ ಸುಮ್ಮನಿದ್ನಿ. ಹಗ್ಗ ಬಿಚ್ಚಿದ್ನಲ್ರಿ ಅಕ್ಕಾರ, ಅದ ನನಗ ತಡಕೊಳ್ಳಾಕ ಆಗಲಿಲ್ಲ,” ಎಂದರು ಚನ್ನಕ್ಕ. “ಸಣ್ಣಾಕಿ ಇದ್ದಾಗ ಅದ ಗಿಡಕ್ಕ ಅವನ ಜೋಕಾಲಿ ಕಟ್ಟಿ ನನ್ನ ತೂಗತಿದ್ದ. ಜೋರ ತೂಗಬ್ಯಾಡೋ ಅಂದ್ರ ಇನ್ನಾ ಜೋರ ತೂಗತಿದ್ದ.”

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ ಚನ್ನಕ್ಕ ಮತ್ತೆ ಊರಿನ ಕಡೆ ಮುಖ ಮಾಡಿರಲಿಲ್ಲ. ಅಣ್ಣನೂ ಮುಂದಿನ ಪಂಚಮಿಗಳಲ್ಲಿ ಕರೆಯಲು ಬರಲಿಲ್ಲ. ಕರೆಯದೆ ತವರಿಗೆ ಹೋಗುವುದು ಅವರ ಸೀಮೆಯಲ್ಲಿ ಹೆಣ್ಣಿಗೆ ಮರ್ಯಾದೆಯಲ್ಲ.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಕೆಲಸ ಮಾಡುತ್ತ, ಸೋಂಕನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತ ಇದ್ದವರಿಗೆ ಸಂಘದ ಪರಿಚಯವಾದದ್ದು ಮಾತ್ರೆಯ ಸಾಲಿನಲ್ಲಿ. ಮೈ ಚೇತರಿಸಿಕೊಂಡಿತು. ಈಗ ಬೆಳಿಗ್ಗೆ ಹೊತ್ತು ಶೆಡ್ಡುಗಳಲ್ಲಿ ಕರೆಯುವ ಕೆಲಸ, ಮಧ್ಯಾಹ್ನದ ನಂತರ ಒಂದು ಸಣ್ಣ ಘಟಕದಲ್ಲಿ ಹೊಲಿಗೆ. ಮಾತ್ರೆಯ ಹೊತ್ತಿಗೆ ಸರಿಯಾಗಿ ಅವರ ಮೊಬೈಲಿನಲ್ಲಿ ಹುಂಜ ಕೂಗುತ್ತದೆ. ಅದು ಕೂಗಿದಾಗ ಎಲ್ಲಿದ್ದರೂ, ಯಾರ ಮುಂದಿದ್ದರೂ, ಸೆರಗಿನ ಗಂಟು ಬಿಚ್ಚಿ ಮಾತ್ರೆ ನುಂಗುತ್ತಾರೆ. ಮರೆಮಾಚುವುದಿಲ್ಲ. ಶೆಡ್ಡಿನ ಮಕ್ಕಳು “ಅಕ್ಕಾ, ನಿನ್ನ ಕೋಳಿ ಕೂಗ್ತು!” ಎಂದು ನೀರಿನ ಲೋಟ ಹಿಡಿದು ಓಡಿಬರುವುದನ್ನು ನಾನೇ ನೋಡಿದ್ದೇನೆ.

ಎಲ್ಲವೂ ಹೀಗೆ ಸಲೀಸಾಗಿರಲಿಲ್ಲ. ವಿಷಯ ತಿಳಿದಾಗ ಮನೆ ಮಾಲೀಕ ಹನುಮಂತಯ್ಯ ಖಾಲಿ ಮಾಡಲು ಹೇಳಿದ್ದರು. ಚನ್ನಕ್ಕ ಅವರ ಬಾಗಿಲಿಗೇ ಹೋಗಿ ನಿಂತರು. ಮನೆ ಬಿಡುತ್ತೇನೆ, ಆದರೆ ಅದಕ್ಕೆ ಮುಂಚೆ ಒಂದು ಸಲ ನನ್ನ ಜೊತೆ ಆಸ್ಪತ್ರೆಗೆ ಬನ್ನಿ, ಕರೆಯಲು ಬಂದಿದ್ದೇನೆ ಎಂದರು. ಬೋಂಡಾ ಜೋಕು ಹುಟ್ಟಿದ್ದು ಆಗಲೇ. ದಾಕ್ಷಿಣ್ಯಕ್ಕೆ ಹೋದ ಹನುಮಂತಯ್ಯ ನಿವೇದಿತಾ ಮುಂದೆ ಸುಮಾರು ಹೊತ್ತು ಕೂತು, ಕೇಳಬೇಕೆಂದಿದ್ದ ಪ್ರಶ್ನೆಗಳನ್ನೆಲ್ಲ ಕೇಳಿ ಬಂದರು.

“ನಂಗೇನ್ ಗೊತ್ತಿತ್ತು ಮೇಡಂ, ಒಂದೇ ನಲ್ಲಿ ನೀರ್ ಕುಡುದ್ರೆ ಬತ್ತದೆ ಅಂದ್ಕಂಡಿದ್ದೆ. ಅಂಗೇನಿಲ್ವಂತೆ,” ಎನ್ನುತ್ತಾರೆ ಈಗ. “ಇವಾಗ್ಲೂ ಆಯಮ್ಮನ ಮೇಲೆ ಕೂಗಾಡ್ತೀನಿ, ಇಲ್ಲ ಅನ್ನಲ್ಲ. ಅದು ಕಾಯಿಲೆಗಲ್ಲ, ಮೋಟ್ರು ಆಫ್ ಮಾಡ್ದೆ ಓಯ್ತಳಲ್ಲ, ಅದುಕ್ಕೆ!”

ನಾನು ಚನ್ನಕ್ಕನನ್ನು ಮೊದಲು ಕಂಡದ್ದು ಶ್ರಾವಣ ಹಿಡಿಯುವ ಹೊತ್ತಿಗೆ. ಅವರಿಗೆ ಬಿಡುವಿಲ್ಲದ ಕಾಲ ಅದು. ಪಂಚಮಿಗೆ ಗಂಡಸರೆಲ್ಲ ಊರಿಗೆ, ಹೆಂಡತಿಯರ ಬಳಿಗೆ ಹೊರಡುತ್ತಾರೆ. ಅದಕ್ಕೆ ಮುಂಚೆ ಎಷ್ಟು ಜನರನ್ನು ತಪಾಸಣೆಗೆ ಕರೆಯಲು ಸಾಧ್ಯವೋ ಅಷ್ಟು ಜನರನ್ನು ಕರೆಯಬೇಕು ಎಂಬುದು ಅವರ ಹಟ. ಅದೇ ಹೊತ್ತಿಗೆ ಊರಿನ ಕಡೆಯಿಂದ ಅಣ್ಣತಮ್ಮಂದಿರು ಇಲ್ಲಿ ಕೂಲಿಗಿರುವ ಅಕ್ಕತಂಗಿಯರನ್ನು ಕರೆಯಲು ಬರುತ್ತಾರೆ. ಬೆಳಗಿನ ಬಸ್ಸಿನಿಂದ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲೊಂದು ವೈರಿನ ಬುಟ್ಟಿ ಹಿಡಿದು, ವಿಳಾಸ ಕೇಳಿಕೊಂಡು ಶೆಡ್ಡುಗಳ ನಡುವೆ ಬರುತ್ತಾರೆ. ಯಾರ ಮನೆಯ ಅಣ್ಣ ಬಂದರೂ ಇಡೀ ಸಾಲಿಗೆ ಸಂಭ್ರಮ.

ಚನ್ನಕ್ಕ ಅಂಥ ಪ್ರತಿಯೊಬ್ಬನನ್ನೂ ನೋಡುತ್ತಾರೆ. ನನ್ನ ಜೊತೆ ಮಾತಾಡುತ್ತಿದ್ದವರು, ಬಿಳಿ ಅಂಗಿಯವನು ಯಾರಾದರೂ ತಿರುವಿನಲ್ಲಿ ಕಂಡರೆ ಸಾಕು, ಮಾತು ನಿಲ್ಲಿಸಿಬಿಡುತ್ತಾರೆ. ಅವನು ಹತ್ತಿರ ಬಂದು ಬೇರೆ ಯಾರದೋ ಹೆಸರು ಕೇಳುತ್ತಾನೆ. ಚನ್ನಕ್ಕ ದಾರಿ ತೋರಿಸುತ್ತಾರೆ. “ಏನ ಹೇಳಾಕತ್ತಿದ್ನಿ ನಾ?” ಎಂದು ನನ್ನ ಕಡೆ ತಿರುಗುತ್ತಾರೆ. ಊರಿಗೆಲ್ಲ ಕರೆಯುವ ಹೆಂಗಸನ್ನು ಕರೆಯುವವರಿಲ್ಲ ಎಂಬುದನ್ನು ನೋಡುತ್ತ ಕೂರುವುದು ನನಗೆ ಕಷ್ಟವಾಯಿತು, ಹೇಳಿಬಿಡುತ್ತೇನೆ.

ಈ ವರ್ಷ ಆ ಕಾಯುವಿಕೆಗೆ ಇನ್ನೊಂದು ಗಂಟು ಬಿತ್ತು. ಚನ್ನಕ್ಕನ ಊರಿನ ಎಷ್ಟೋ ಗಂಡಸರು ಈ ಶೆಡ್ಡುಗಳಲ್ಲೇ ಇರುವುದರಿಂದ, ಆ ಊರಿನಲ್ಲಿಯೇ ಒಂದು ತಪಾಸಣೆ ಶಿಬಿರ ಮಾಡಬೇಕೆಂದು ಸಂಘದವರು ಬಹಳ ದಿನದಿಂದ ಅಂದುಕೊಂಡಿದ್ದರು. ಹಿಂದೊಮ್ಮೆ ಆರೋಗ್ಯ ಇಲಾಖೆಯ ವ್ಯಾನು ಹೋಗಿ ಶಾಲೆಯ ಮುಂದೆ ಇಡೀ ದಿನ ನಿಂತಿತ್ತು, ಒಬ್ಬರೂ ಹತ್ತಿರ ಬಂದಿರಲಿಲ್ಲ. ಪಂಚಮಿಯ ಹಿಂದಿನ ದಿನ ಎಲ್ಲರೂ ಊರಿನಲ್ಲಿರುತ್ತಾರೆ, ಅಂದು ಮಾಡೋಣ, ಚನ್ನಕ್ಕನೇ ಬಂದು ಕರೆಯಲಿ ಎಂದು ಈ ಸಲ ತೀರ್ಮಾನವಾಯಿತು.

“ಒಲ್ಲೆ ಅಂದ್ನಿ,” ಎಂದರು ಚನ್ನಕ್ಕ. “ಶಿಬಿರಕ್ಕ ಕರದ್ರ ಹೋಗಬೇಕೇನು? ಪಂಚಮಿಗೆ ಕರೀಲಿ, ಹೋಗ್ತೀನಿ.”

ನಿವೇದಿತಾ ಒತ್ತಾಯಿಸಲಿಲ್ಲ. ಚನ್ನಕ್ಕನಿಗೆ ಇನ್ನೂ ಆಸೆಯಿತ್ತು. ಶಿಬಿರಕ್ಕೆ ಮುಂಚೆ ಅಣ್ಣ ಬಂದುಬಿಟ್ಟರೆ ತಾನು ತಂಗಿಯಾಗಿ ಹೋಗಬಹುದು, ಸಂಘದ ಕೆಲಸದವಳಾಗಿ ಅಲ್ಲ. ನಾನು ಹೋದ ದಿನವೂ ತಿರುವಿನ ಕಡೆಗೇ ಕಣ್ಣು. ಅಣ್ಣ ಬರಲಿಲ್ಲ. ಇರಣ್ಣ, ಶರಣಮ್ಮ ಊರಿಗೆ ಹೊರಟರು. ಸಾಲಿನಲ್ಲಿ ಒಂದೊಂದೇ ಶೆಡ್ಡು ಖಾಲಿಯಾಯಿತು, ರೊಟ್ಟಿ ಬಡಿಯುವ ಸಪ್ಪಳ ಕಡಿಮೆಯಾಯಿತು. ಆ ಸಂಜೆ ಚನ್ನಕ್ಕ ನಿವೇದಿತಾಗೆ ಫೋನು ಮಾಡಿ, ತಾನು ವ್ಯಾನಿನಲ್ಲಿ ಬರುವುದಾಗಿ ಹೇಳಿದರು. ಕಾರಣವನ್ನು ನನಗೆ ಆಮೇಲೆ ಹೇಳಿದರು. “ನಮ್ಮಣ್ಣನೂ ಈ ಕಡೆ ದುಡಿಯಾಕ ಬಂದು ಹೋದಾಂವ ರೀ. ಮನ್ಯಾಗ ವೈನಿ ಅದಾಳ, ಸಣ್ಣ ಹುಡುಗ್ರು ಅದಾವ. ಯಮನೂರನ ಹಂಗ ಅವಗೂ ಯಾರರ ‘ಪಾಸ್’ ಅಂದ್ರ?”

ಪಂಚಮಿ ಮುಗಿದ ವಾರ ನಾನು ಮತ್ತೆ ಮಾದನಾಯಕನಹಳ್ಳಿಗೆ ಹೋದೆ. ಚನ್ನಕ್ಕ ಹೊಲಿಗೆಯಿಂದ ಬಂದು ಕಾಲು ತೊಳೆದು ಕೂತಿದ್ದರು. ಊರಿನ ಕಥೆಯನ್ನು ಅವರ ಬಾಯಿಂದಲೇ ಕೇಳಿದೆ.

ವ್ಯಾನು ಶಾಲೆಯ ಮುಂದೆ ನಿಂತಿತು. ಈ ಸಲವೂ ಯಾರೂ ಬರಲಿಲ್ಲ. ಚನ್ನಕ್ಕ ಬಾಗಿಲಿನಿಂದ ಬಾಗಿಲಿಗೆ ಹೋಗಿ ಕರೆಯಬೇಕಿತ್ತು. ಯಾರ ಬಾಗಿಲಿಗೆ ಮೊದಲು ಹೋಗುವುದು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಸ್ವಂತ ಮನೆಯವರೇ ಬಾರದೆ ಹೋದರೆ ಊರವರು ಯಾಕೆ ಬರುತ್ತಾರೆ? ಓಣಿಯುದ್ದಕ್ಕೂ ಜನ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಅಣ್ಣ ಮನೆಯೊಳಗಿರಲಿಲ್ಲ, ಬೇವಿನ ಮರದ ಮೇಲಿದ್ದ. ನಾಳೆಯ ಹಬ್ಬಕ್ಕೆ ಜೋಕಾಲಿಯ ಹಗ್ಗ ಬಿಗಿಯುತ್ತಿದ್ದ.

“ನೋಡ್ರಿ, ಗಿಡದ ಮ್ಯಾಲಿದ್ದಾಂವ ಎಲ್ಲಿ ಓಡಿ ಹೋಗ್ತಾನ?” ಎಂದು ಚನ್ನಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. “ಬುಡಕ್ಕ ನಿಂತು ಅಂದ್ನಿ, ಅಣ್ಣಾ, ಕರಿಯಾಕ ಬಂದೀನಿ.”

“ಏನಂದ?”

“ಕಟ್ಟಿದ ಗಂಟ ಮತ್ತ ಮತ್ತ ಕಟ್ಟಿದ. ನಾ ಮ್ಯಾಲ ನೋಡಿಕೋತ ನಿಂತ್ನಿ. ಕುತಗಿ ನೋವಾತು. ಊರ ಮಂದಿ ಎಲ್ಲಾ ನೋಡಾಕತ್ತಿದ್ರು. ಆಮ್ಯಾಲ ಅಂದ್ನಿ, ಅಣ್ಣಾ, ನಾ ಒಳಗ ಬರಾಂಗಿಲ್ಲ, ಜೋಕಾಲಿನೂ ಮುಟ್ಟಾಂಗಿಲ್ಲ. ನೀ ಒಮ್ಮಿ ನನ್ನ ಕೂಡ ಸಾಲಿ ತನಕ ಬಾ. ತಿರಗಿ ಮನಿ ತನಕ ಬಿಟ್ಟ ಹೋಗ್ತೀನಿ.”

ಅಣ್ಣ ಇಳಿದ. ತಂಗಿಯ ಮುಖ ನೋಡಲಿಲ್ಲ. ಗೋಡೆಯ ಗೂಟದಲ್ಲಿದ್ದ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ, ಚಪ್ಪಲಿ ಮೆಟ್ಟಿದ, ನಡೆದ. ತಂಗಿಯನ್ನು ಕರೆದೊಯ್ಯುವಾಗ ಅಣ್ಣ ಮುಂದೆ, ತಂಗಿ ಹಿಂದೆ ನಡೆಯುವುದು ವಾಡಿಕೆ. ಅಂದು ಚನ್ನಕ್ಕ ಮುಂದೆ, ಅಣ್ಣ ಹಿಂದೆ. ಓಣಿ ದಾಟಿ ಶಾಲೆಯ ತನಕ ಹಾಗೆಯೇ ನಡೆದರು. ಅಣ್ಣ ತಪಾಸಣೆಯ ಕೋಣೆಯೊಳಗೆ ಹೋಗಿ ಕೂತದ್ದನ್ನು ನೋಡಿದ ಮೇಲೆ ಶೆಡ್ಡಿನಲ್ಲಿ ಪರಿಚಯವಿದ್ದ ಒಬ್ಬಿಬ್ಬರು ಬಂದರು, ಅವರ ಹಿಂದೆ ಅವರ ಹೆಂಡತಿಯರು ಬಂದರು. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಸಾಲೇ ನಿಂತಿತ್ತು ಎಂದು ನಿವೇದಿತಾ ಹೇಳುತ್ತಾರೆ. ಊಟಕ್ಕೂ ಏಳಲು ಬಿಡಲಿಲ್ಲವಂತೆ.

ಅಣ್ಣನ ಫಲಿತಾಂಶ ಏನಾಯಿತು ಎಂದು ನಾನು ಕೇಳಿದೆ. ಕೇಳಬಾರದಿತ್ತು.

“ಅದು ಅವಂದು,” ಎಂದರು ಚನ್ನಕ್ಕ. “ನಾ ಹೊರಗ ಬೆಂಚಿನ ಮ್ಯಾಲ ಕುಂತಿದ್ನಿ.”

ಹೇಳಿದಂತೆಯೇ ಅಣ್ಣನನ್ನು ಮನೆಯವರೆಗೆ ಬಿಟ್ಟರು. ಅವನು ಹೊಸ್ತಿಲ ಬಳಿ ಒಂದು ಗಳಿಗೆ ನಿಂತ. ಏನೋ ಹೇಳುತ್ತಾನೆ ಎಂದುಕೊಂಡರು. ಒಳಗೆ ಹೋದ. ಜೋಕಾಲಿ ಖಾಲಿಯಿತ್ತು, ಗಾಳಿಗೆ ಸ್ವಲ್ಪ ಅಲುಗುತ್ತಿತ್ತು. “ಒಂದ್ ಸಲನೂ ಕೂತ್ಕೊಳ್ಳಲಿಲ್ವಾ?” ಎಂದು ಕೇಳಿದೆ. “ಕೂಡು ಅಂತ ಯಾರೂ ಅನಲಿಲ್ರಿ” ಎಂದರು.

ವ್ಯಾನು ಹೊರಡುವ ಹೊತ್ತಿಗೆ ಅತ್ತಿಗೆ ಓಡೋಡಿ ಬಂದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. “ನಿಮ್ಮಣ್ಣ ಕೊಟ್ಟ ಬಾ ಅಂದ್ರು” ಎಂದು ಕಿಟಕಿಯಿಂದ ಒಳಗಿಟ್ಟಳು. ಶೇಂಗಾ ಉಂಡಿ, ಎಳ್ಳುಂಡಿ, ಮೇಲೆ ಒಂದು ಹಿಡಿ ಹುರಿದು ಅರಳಿಸಿದ ಜೋಳದ ಅಳ್ಳು. ಪಂಚಮಿಗೆ ಮಗಳಿಗೆ ತವರು ಕಟ್ಟಿಕೊಡುವ ಬುತ್ತಿ. ದಾರಿಯುದ್ದಕ್ಕೂ ಚನ್ನಕ್ಕ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು, ಚಾಲಕ ಒಂದು ಉಂಡಿ ಕೇಳಿದರೂ ಮುಚ್ಚಳ ತೆಗೆಯಲಿಲ್ಲ ಎಂದು ನಿವೇದಿತಾ ನಗುತ್ತಾರೆ. ಇಲ್ಲಿಗೆ ಬಂದ ಮೇಲೆ ಶೆಡ್ಡಿನ ಮಕ್ಕಳಿಗೆಲ್ಲ ಹಂಚಿದರು. ಹನುಮಂತಯ್ಯನವರಿಗೂ ಎರಡು ಹೋದವು. ತಮಗೊಂದು ಉಳಿಸಿಕೊಂಡು, ಮೊಬೈಲಿನ ಹುಂಜ ಕೂಗಿದಾಗ ಅದನ್ನು ತಿಂದು, ಮೇಲೆ ಮಾತ್ರೆ ನುಂಗಿದರು.

ಡಬ್ಬಿ ಈಗ ಗೂಡಿನಲ್ಲಿದೆ, ತೊಳೆದು ಒರೆಸಿ ಇಟ್ಟಿದ್ದಾರೆ. ಅದರಲ್ಲಿ ಬೇರೇನೂ ಹಾಕಿಲ್ಲ. ಮುಚ್ಚಳದ ಮೇಲೆ ಅಣ್ಣನ ಹೆಸರು ಕೊರೆದಿದೆ. ಚನ್ನಕ್ಕ ಅದನ್ನು ನನಗೆ ತೋರಿಸಿದರು, ಆದರೆ ಇಲ್ಲಿ ಬರೆಯಬಾರದೆಂದು ಮತ್ತೊಮ್ಮೆ ನೆನಪಿಸಿದರು. ಪೇಪರು ಊರಿಗೆ ಹೋಗುತ್ತದೆಯೇ ಎಂದು ಕೇಳಿದರು. ತಾಲ್ಲೂಕಿನವರೆಗೆ ಖಂಡಿತ ಹೋಗುತ್ತದೆ ಎಂದೆ. ಹಾಗಾದರೆ ಫೋಟೋದಲ್ಲಿ ಮುಖ ಸರಿಯಾಗಿ ಕಾಣಲಿ ಎಂದು ತಲೆ ಬಾಚಿಕೊಂಡು ಬಂದು ಕೂತರು.

ಅವರ ಕಡೆ ತವರಿನ ಡಬ್ಬಿಯನ್ನು ಇಟ್ಟುಕೊಳ್ಳುವುದಿಲ್ಲ, ಖಾಲಿ ಕಳಿಸುವುದೂ ಇಲ್ಲ, ಏನಾದರೂ ತುಂಬಿ ವಾಪಸು ಮುಟ್ಟಿಸುತ್ತಾರೆ. ಯಾವಾಗ ಮುಟ್ಟಿಸುತ್ತೀರಿ ಎಂದು ಕೇಳಿದೆ. ಚನ್ನಕ್ಕ ಡಬ್ಬಿಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿ ಗೂಡಿಗೆ ಸೇರಿಸಿದರು.

“ನಾ ಮುಟ್ಟಸಾಂಗಿಲ್ರಿ. ಬರೂ ಪಂಚಮಿಗೆ ಅವನ ಬಂದು ಒಯ್ಯಲಿ. ಡಬ್ಬಿನೂ, ನನ್ನೂ.”